ಇಜೇರಿಯಿಂದ ಬರಬೇಕಾದ ಜವಾಬು

ಆಳಂದ
12 ಜೂನ್ 2022

ಇಜೇರಿಯ ಹರದೇಶಿ ಹಾಡುಗಾರ ಮಲಂಗಸಾಬರಿಗೆ,

ನಾನು ಸುಂದರಬಾಯಿ. ಅಂದೋಲಾದ ನಾಗೇಶಿ ಮೇಳದವಳು. ಹೆಸರು ಓದಿದ ಕೂಡಲೇ ಹುಬ್ಬು ಗಂಟಿಕ್ಕಿರಬೇಕು. ಇಷ್ಟು ವರ್ಷ ಬಿಳಿಜೋಳ ರೇಡಿಯೋದಲ್ಲಿ ಗಂಡು ಹೆಚ್ಚು ಅಂತ ನೀವು, ಹೆಣ್ಣು ಹೆಚ್ಚು ಅಂತ ನಾನು ಹಾಡಿನಲ್ಲೇ ಬೈದಾಡಿದ್ದೇವೆ. ಒಬ್ಬರ ಮುಖ ಒಬ್ಬರು ನೋಡಿಲ್ಲ. ರೇಡಿಯೋದ ಜಗದೇವ ರೆಕಾರ್ಡಿಂಗ್ ಡಬ್ಬಿ ಹಿಡಿದು ಒಂದು ವಾರ ನಮ್ಮೂರಿಗೆ ಬಂದು ಸವಾಲು ತುಂಬಿಕೊಳ್ಳುತ್ತಿದ್ದ, ಮುಂದಿನ ವಾರ ನಿಮ್ಮೂರಿಗೆ ಹೋಗಿ ಜವಾಬು ತುಂಬಿಕೊಳ್ಳುತ್ತಿದ್ದ. ಒಮ್ಮೆಯಾದರೂ ಇಬ್ಬರನ್ನೂ ಜೇವರ್ಗಿಯ ಸ್ಟೇಷನ್ನಿಗೇ ಕರೆಸು ಎಂದರೆ, "ಬ್ಯಾಡ್ರಿ ಅಮ್ಮ. ಎದುರಾಬದುರಾ ಕುಂತ್ರ ಚಾ ಕುಡ್ಕೊಂತ ದೋಸ್ತಿ ಮಾಡ್ತೀರಿ. ದೂರ ಇದ್ರನ ಚೆಂದ ಬೈತೀರಿ" ಎಂದು ನಗುತ್ತಿದ್ದ.

ನಮ್ಮ ಮೇಳದಲ್ಲಿ ತುಂತುಣಿ ಬಾರಿಸುತ್ತಿದ್ದ ಗಂಗಾಬಾಯಿ ಹೋದ ದೀಪಾವಳಿಯ ಮುಂದೆ ತೀರಿಕೊಂಡಳು. ಮೇಳವೂ ಅಲ್ಲಿಗೆ ಮುಗಿಯಿತು. ನನ್ನ ತಮ್ಮ ಅಮರನಾಥ ಬಂದು ಆಳಂದಕ್ಕೆ ಕರೆದುಕೊಂಡು ಬಂದ. ಇಲ್ಲಿ ಅವನ ಬಟ್ಟೆ ಅಂಗಡಿ, ಮೇಲೆ ಮನೆ. ನಮ್ಮ ರೇಡಿಯೋ ಜೇವರ್ಗಿ ಸುತ್ತಿನ ಹಳ್ಳಿಗಳಿಗಷ್ಟೇ ಕೇಳುತ್ತದೆ, ಇಲ್ಲಿಗೆ ಬರುವುದಿಲ್ಲ. ಗಂಟು ಬಿಚ್ಚಿದ ದಿನವೇ ಮುಳ್ಳು ತಿರುವಿ ನೋಡಿದೆ. ಗರ್ ಎನ್ನುವ ಸದ್ದು ಬಿಟ್ಟರೆ ಏನೂ ಇಲ್ಲ.

ಈಗ ಕೆಲಸದ ಮಾತು. ನಾನು ಕೊನೆಗೆ ಹಾಡಿದ ಸವಾಲು ನೆನಪಿದೆಯಲ್ಲ?

ಹೆಣ್ಣಿಲ್ಲದ ಮನಿಯಾಗ ಗಂಡು ದೊಡ್ಡಾವ ಅಂತಿ,
ಯಾರ ಮುಂದ ದೊಡ್ಡಾವ ನೀ, ಹೇಳಿ ಹೋಗೋ ಹರದೇಶಿ?

ಇದಕ್ಕೆ ನೀವು ಏನು ಜವಾಬು ಹಾಡಿದಿರಿ? ಯಾವಾಗ ಬಂತು? ನನಗೆ ಕೇಳಲು ಸಿಗಲಿಲ್ಲ. ಅದನ್ನು ತಿಳಿಯದೆ ತುತ್ತು ಒಳಗೆ ಇಳಿಯುತ್ತಿಲ್ಲ. ನಿಮ್ಮ ಡಪ್ಪಿನ ಕೊನೆಯ ಪೆಟ್ಟು ಈಗಲಾದರೂ ಸರಿಯಾದ ಹೊತ್ತಿಗೆ ಬೀಳುತ್ತದೆಯೋ, ಇಲ್ಲ ಎಂದಿನಂತೆ ಬಸ್ಸು ತಪ್ಪಿಸಿಕೊಂಡವರ ಹಾಗೆ ಹಿಂದಿನಿಂದ ಓಡಿ ಬರುತ್ತದೆಯೋ, ಅದನ್ನೂ ಬರೆಯಿರಿ.

ಸುಂದರಬಾಯಿ


ಇಜೇರಿ
3 ಜುಲೈ 2022

ಸುಂದರಬಾಯಿಯವರಿಗೆ ಮಲಂಗಸಾಬನ ಸಲಾಮು.

ಕಾಗದ ಬಂತು. ಪೋಸ್ಟಿನವನು, "ಸಾಬ್ರ, ನಿಮಗೂ ಪತ್ರ ಬರೆಯೋರು ಅದಾರೇನ್ರಿ?" ಎಂದು ಕೇಳಿದ. ಬಾಗಿಲಲ್ಲೇ ಒಡೆದು ಓದಿದೆ. ಗಂಗಾಬಾಯಿಯ ತುಂತುಣಿ ಇನ್ನಿಲ್ಲ ಎಂದು ಓದಿ ಬಹಳ ಕೆಟ್ಟನಿಸಿತು. ನಿಮ್ಮ ಮೇಳದಲ್ಲಿ ತಾಳ ಗೊತ್ತಿದ್ದವಳು ಅವಳೊಬ್ಬಳೇ.

ನಿಮ್ಮ ಸವಾಲಿನ ಜವಾಬು ಇನ್ನೂ ಹಾಡಿಲ್ಲ. ಅದರಲ್ಲಿ ನನ್ನ ತಪ್ಪೇನೂ ಇಲ್ಲ, ರೇಡಿಯೋದವರದು. ಯುಗಾದಿಯಿಂದ ಸವಾಲ್-ಜವಾಬ್ ನಿಂತಿದೆ. ಆ ಹೊತ್ತಿಗೆ ಈಗ ಹಳೆಯ ಸಿನಿಮಾ ಹಾಡು. ಮೊದಮೊದಲು ಎಷ್ಟು ಚೆನ್ನಾಗಿತ್ತು, ನೆನಪಿದೆಯಾ? ಬೆಳಿಗ್ಗೆ ಭಜನೆ, ಮಧ್ಯಾಹ್ನ ಬೀಸುಕಲ್ಲಿನ ಪದ, ಸಂಜೆ ನಮ್ಮ ಜಗಳ. ಆಮೇಲೆ ಊಟದ ಹೊತ್ತಿಗೆ ಎಂದು ಒಂದು ಸಿನಿಮಾ ಹಾಡು ಬಂತು. ಒಂದು ಹಾಡಿಗೆ ಏನು ಎಂದು ನಾವೂ ಸುಮ್ಮನಿದ್ದೆವು. ಅದು ತನ್ನ ನೆಂಟರನ್ನೆಲ್ಲ ಕರೆದುಕೊಂಡು ಬಂತು. ಬೀಸುಕಲ್ಲಿನ ಪದ ಹೋಯಿತು. ಭಜನೆಯನ್ನು ಕೋಳಿ ಕೂಗುವ ಮೊದಲಿನ ಹೊತ್ತಿಗೆ ತಳ್ಳಿದರು. ಈಗ ನಮ್ಮ ಸರದಿ.

ಜವಾಬು ನನ್ನ ಹತ್ತಿರ ಇದೆ. ಕಟ್ಟಿ ಇಟ್ಟಿದ್ದೇನೆ. ಆದರೆ ನಿಮಗೂ ಗೊತ್ತು, ಜವಾಬನ್ನು ಬರೆದು ಕೊಡುವ ರೂಢಿ ಇಲ್ಲ. ಸವಾಲು ಹಾಕಿದವರ ಕಿವಿಗೆ ಬೀಳುವ ಹಾಗೆ ಹಾಡಬೇಕು. ಇಲ್ಲದಿದ್ದರೆ ಅದು ಜವಾಬೇ ಅಲ್ಲ. ತಡೆಯಿರಿ.

ಡಪ್ಪಿನ ಪೆಟ್ಟು ಹಾಗೇ ಇದೆ. ಅದು ತಡವಲ್ಲ, ಇಜೇರಿಯ ಧಾಟಿ ಎಂದು ಎಷ್ಟು ಸಲ ಹೇಳಲಿ?

ಮಲಂಗಸಾಬ


ಆಳಂದ
20 ಆಗಸ್ಟ್ 2022

ಮಲಂಗಸಾಬರಿಗೆ,

ನಿಮ್ಮ ಧಾಟಿಗೆ ಬೆಂಕಿ ಬೀಳಲಿ. ತಡ ಎಂದರೆ ತಡ.

ರೇಡಿಯೋದವರ ಮೇಲೆ ನನಗೆ ಬಂದ ಸಿಟ್ಟು ಹೇಳತೀರದು. ಜಗದೇವನಿಗೆ ಎರಡು ಕಾರ್ಡು ಬರೆದೆ, ಉತ್ತರವಿಲ್ಲ. ರೂಢಿಯ ಪ್ರಕಾರ ಜವಾಬು ಬಾರದ ಸವಾಲು ಗೆದ್ದ ಹಾಗೆ. ನಾನು ಗೆದ್ದೆ. ಯಾರ ಮುಂದೆ ಹೇಳಲಿ? ಅಮರನಾಥನಿಗೆ ಹೇಳಿದರೆ "ಛಲೋ ಆತಲ್ಲಕ್ಕ" ಎಂದು ಮೀಟರ್ ಕೋಲು ಎತ್ತಿಕೊಂಡು ಗಿರಾಕಿಯ ಕಡೆ ತಿರುಗಿದ.

ಇಲ್ಲಿ ಎಲ್ಲರೂ ಒಳ್ಳೆಯವರು. ಅದೇ ನನ್ನ ಗೋಳು. ತಮ್ಮನ ಹೆಂಡತಿ ಅನುರಾಧಾ ನಾನು ಏನು ಹೇಳಿದರೂ "ಹೌದ್ರಿ ಅಕ್ಕ" ಅನ್ನುತ್ತಾಳೆ. ಬೇಳೆಗೆ ಉಪ್ಪು ಹೆಚ್ಚಾಗಿದೆ ಎಂದರೂ ಹೌದ್ರಿ, ಕಡಿಮೆಯಾಗಿದೆ ಎಂದರೂ ಹೌದ್ರಿ. ಒಂದು ದಿನ ಬೇಕೆಂದೇ, "ಗಂಡಸರೇ ಹೆಚ್ಚು, ಹೆಂಗಸರು ಯಾತಕ್ಕೂ ಬಾರದವರು" ಎಂದು ನನ್ನ ಬಾಯಿಂದಲೇ ಅಂದು ನೋಡಿದೆ. ಅದಕ್ಕೂ "ಹೌದ್ರಿ ಅಕ್ಕ." ಮಾಳಿಗೆಗೆ ಹೋಗಿ ಅತ್ತುಬಿಟ್ಟೆ. ಎದುರು ಮಾತಾಡುವವರು ಇಲ್ಲದ ಮನೆಯಲ್ಲಿ ನನ್ನ ಮಾತು ನನಗೇ ಬೇಸರ ಬಂದಿದೆ.

ನಿಮ್ಮ ಮನೆಯ ಫೋನ್ ನಂಬರ್ ಕಳಿಸಿ. ಜವಾಬು ಹಾಡಬೇಡಿ, ಬರೀ ಬೈಯಿರಿ. ಅಷ್ಟಾದರೂ ಆಗಲಿ. ಮತ್ತೆ ನಮ್ಮ ರೇಡಿಯೋದಲ್ಲಿ ಏನೇನು ಹಾಕುತ್ತಾರೆ, ಎಲ್ಲ ಬರೆಯಿರಿ. ನನಗೆ ನೀವೇ ರೇಡಿಯೋ.

ಸುಂದರಬಾಯಿ


ಇಜೇರಿ
9 ಜನವರಿ 2023

ಸುಂದರಬಾಯಿಯವರಿಗೆ,

ಪತ್ರ ತಡವಾಯಿತು. ತೊಗರಿ ರಾಶಿಯ ಗಡಿಬಿಡಿ ಇತ್ತು. ಫೋನು ಮಗಳು ಮಸರತಳ ಹತ್ತಿರ ಇರುತ್ತದೆ, ಅವಳು ಆಸ್ಪತ್ರೆಯಲ್ಲಿ ನರ್ಸು, ಮನೆಯಲ್ಲಿ ಇರುವುದೇ ಕಡಿಮೆ. ಪತ್ರವೇ ಇರಲಿ. ಪತ್ರದಲ್ಲಿ ನೀವು ಬೈದದ್ದನ್ನು ಎರಡು ಸಲ ಓದಬಹುದು.

ರೇಡಿಯೋದ ಸುದ್ದಿ ಕೇಳಿ. ಹಳೆಯ ಸಿನಿಮಾ ಹಾಡೂ ಹೋಯಿತು. ದಸರೆಯಿಂದ ಡಿಜೆ ಹಾಡು. ಜನಪದ ಅಂತಲೇ ಅನ್ನುತ್ತಾರೆ, ಆದರೆ ಟ್ರ್ಯಾಕ್ಟರಿನವರು ಪೆಟ್ಟಿಗೆ ಕಟ್ಟಿಕೊಂಡು ಹೋಗುವಾಗ ಎದೆಯಲ್ಲಿ ಗುದ್ದಿದ ಹಾಗೆ ಆಗುತ್ತದಲ್ಲ, ಅದು. ಈಗ ಅದನ್ನು ಹಾಕಲೂ ಮನುಷ್ಯರಿಲ್ಲ. ಕಂಪ್ಯೂಟರೇ ಒಂದಾದ ಮೇಲೊಂದು ಹಾಕಿಕೊಳ್ಳುತ್ತದೆ. ಹಾಡಿದವರು ಯಾರು, ಯಾವ ಊರು, ಯಾರೂ ಹೇಳುವುದಿಲ್ಲ. ಭಾನುವಾರ ಮಾತ್ರ ಸೀಮಾ ಎನ್ನುವ ಹುಡುಗಿ ಬಂದು ಒಂದು ತಾಸು ಫೋನು ತೆಗೆದುಕೊಳ್ಳುತ್ತಾಳೆ. ಕೇಳುಗರು ಫೋನಿನಲ್ಲಿ ಬೇಕಾದ ಹಾಡು ಕೇಳುತ್ತಾರೆ, ಅವಳು ಹಾಕುತ್ತಾಳೆ. ಉಳಿದ ಆರು ದಿನ ಆ ಮನೆಯಲ್ಲಿ ದೀಪ ಹಚ್ಚುವವರೂ ಇಲ್ಲವೇನೋ ಅನಿಸುತ್ತದೆ.

ಒಂದು ಮಾತು ಹೇಳಲೋ ಬೇಡವೋ ಎಂದು ಇಷ್ಟು ದಿನ ತಡೆದೆ. ಹಾಡು ಹಾಡಿನ ನಡುವೆ ಒಂದು ಹೆಣ್ಣು ನಗುತ್ತದೆ. ಅದರ ಹಿಂದೆ "ಬಿಳಿಜೋಳ ರೇಡಿಯೋ" ಎಂಬ ಮಾತು ಬರುತ್ತದೆ. ಆ ನಗು ನಿಮ್ಮದು. ಒಂದು ಸಲ ಜಗದೇವ ನನ್ನ ಜವಾಬನ್ನು ನಿಮಗೆ ಕೇಳಿಸುವಾಗ ಡಪ್ಪಿನ ಕೊನೆಯ ಪೆಟ್ಟಿಗೆ ನೀವು ನಕ್ಕಿರಿ, ಮೈಕು ಚಾಲೂ ಇತ್ತು, ಅದೂ ರೇಡಿಯೋದಲ್ಲಿ ಬಂತು. ಅಂದು ನನಗೆ ಸಿಟ್ಟು ನೆತ್ತಿಗೇರಿತ್ತು. ಅದನ್ನೇ ಕತ್ತರಿಸಿ ಈಗ ಇಟ್ಟುಕೊಂಡಿದ್ದಾರೆ. ಹಾಡು ಯಾರದಾದರೂ ಇರಲಿ, ನಾನು ಆ ನಗುವಿಗಾಗಿ ರೇಡಿಯೋ ಹಚ್ಚಿ ಕೂರುತ್ತೇನೆ.

ಇಲ್ಲಿ ನನ್ನ ಮಾತು ಕಡಿಮೆಯಾಗಿದೆ. ಮನೆಗೆ ಬಂದವರು ಯಾಕೋ ನನ್ನ ಮುಂದೆ ಕಿರುಚಿ ಮಾತಾಡುತ್ತಾರೆ. ನನ್ನ ಕಿವಿ ನೆಟ್ಟಗಿದೆ.

ಮಲಂಗಸಾಬ


ಆಳಂದ
2 ಮಾರ್ಚ್ 2023

ಮಲಂಗಸಾಬರಿಗೆ,

ನನ್ನನ್ನು ಕೇಳದೆ ನನ್ನ ನಗುವನ್ನು ಇಟ್ಟುಕೊಂಡವರು ನನ್ನ ಹಾಡನ್ನು ಯಾಕೆ ಇಟ್ಟುಕೊಳ್ಳಲಿಲ್ಲ? ಬರುವ ವಾರ ಜೇವರ್ಗಿಗೆ ಹೋಗುತ್ತಿದ್ದೇನೆ. ಜಗದೇವನ ಕಾಲರ್ ಹಿಡಿದು ಸವಾಲ್-ಜವಾಬ್ ಮತ್ತೆ ಶುರು ಮಾಡಿಸದಿದ್ದರೆ ನನ್ನ ಹೆಸರು ಬದಲಿಸಿ. ನಿಮ್ಮ ಗಂಟಲು ತಯಾರು ಇಟ್ಟುಕೊಳ್ಳಿ.

ಸುಂದರಬಾಯಿ


ಆಳಂದ
13 ಮಾರ್ಚ್ 2023

ಮಲಂಗಸಾಬರೇ,

ಹೋಗಿ ಬಂದೆ.

ಜಗದೇವ ಮೆಟ್ಟಿಲ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದ. ತಲೆ ಎಲ್ಲ ಬೆಳ್ಳಗಾಗಿದೆ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಸಿನಿಮಾ ಹಾಡಿಗಾಗಿ ನಮ್ಮನ್ನು ಓಡಿಸಿದಿರಿ, ಹಿರಿಯ ಹಾಡುಗಾರರನ್ನು ಕಾಯಿಸಿ ಕಾಯಿಸಿ ಇಟ್ಟಿರಿ ಎಂದೆ. ಅವನು ಚುರುಮುರಿ ಬದಿಗಿಟ್ಟು ನನ್ನನ್ನೇ ನೋಡಿದ.

"ಯಾರ್ನ ಓಡಿಸೀವ್ರೀ ಅಮ್ಮ? ನಿಮ್ಮ ಸವಾಲಿಗಿ ಜವಾಬ ತರಾಕ ನಾ ಎಷ್ಟ ಸಲ ಇಜೇರಿಗಿ ಹೋಗೀನಿ. ಸಾಬ್ರು ಡಬ್ಬಿ ಮುಂದ ಕುಂತು ಕಣ್ಣೀರ ಹಾಕಿ ಕಳಸ್ತಿದ್ರು. ಕಡೀಕ ಕಲಬುರಗ್ಯಾಗ ಆಪರೇಷನ್ ಆತು. ಗಂಟಲಾಗ ಗಡ್ಡಿ. ದನಿ ಪೆಟ್ಟಿಗಿನ ತಗದ್ರು. ನಿಮಗ ಗೊತ್ತಿಲ್ಲೇನ್ರಿ?"

ನನಗೆ ಗೊತ್ತಿರಲಿಲ್ಲ.

"ನೀವು ಆಳಂದಕ್ಕ ಹ್ವಾದ್ರಿ, ಸಾಬ್ರು ಹಿಂಗಾದ್ರು. ಖಾಲಿ ಹೊತ್ತ ಹಂಗ ಬಿಡಾಕ ಬರತೈತೇನ್ರಿ? ಸಿನಿಮಾ ಹಾಡ ಹಾಕಿದಿವಿ" ಎಂದ. ಅಂದರೆ ಸಿನಿಮಾ ಹಾಡು ನಮ್ಮನ್ನು ಎಬ್ಬಿಸಿ ಕೂತದ್ದಲ್ಲ. ನಾವಿಬ್ಬರೂ ಎದ್ದು ಹೋದ ಜಾಗದಲ್ಲಿ ಬಂದು ಕೂತದ್ದು. ಬರುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಿದ್ದೆ.

ನೀವು ನನ್ನನ್ನು ಮೂರನೆಯವಳ ಹಾಗೆ ಮಾಡಿದಿರಿ. ದನಿ ಹೋಗಿದೆ ಎಂದು ಬರೆದಿದ್ದರೆ ನಾನು ನಗುತ್ತಿದ್ದೆನೇ? ಡಪ್ಪಿನ ಪೆಟ್ಟಿಗೆ ನಕ್ಕವಳು ಅದಕ್ಕೂ ನಗುತ್ತಾಳೆ ಎಂದುಕೊಂಡಿರಾ? ನನಗೆ ಈಗ ಯಾರ ಮೇಲೆ ಸಿಟ್ಟು ಮಾಡಬೇಕು ಎಂದೂ ತಿಳಿಯುತ್ತಿಲ್ಲ. ನಿಮ್ಮ ಮೇಲೆ ಮಾಡಿದ್ದೇನೆ.

ಸುಂದರಬಾಯಿ


ಇಜೇರಿ
16 ಜುಲೈ 2023

ಸುಂದರಬಾಯಿಯವರಿಗೆ,

ಎಷ್ಟು ಸಲ ಬರೆದು ಹರಿದೆನೋ ಲೆಕ್ಕವಿಲ್ಲ.

ಕುತ್ತಿಗೆಯಲ್ಲಿ ಒಂದು ತೂತು ಇದೆ, ಉಸಿರು ಅಲ್ಲಿಂದಲೇ. ಮೇಲೆ ಒಂದು ತೆಳು ಬಟ್ಟೆ ಕಟ್ಟಿಕೊಂಡಿರುತ್ತೇನೆ. ಮಸರತ ಅದನ್ನು ದಿನಾ ಬದಲಿಸುತ್ತಾಳೆ. ಊರವರು ನನ್ನನ್ನು ನೋಡಿದ ಕೂಡಲೇ ದನಿ ಎತ್ತರಿಸುತ್ತಾರೆ. ಮಾತು ಬಾರದವನಿಗೆ ಕೇಳಿಸುವುದೂ ಇಲ್ಲ ಎಂದು ಅವರ ಎಣಿಕೆ. ಕಟ್ಟೆಯ ಮೇಲೆ ಕೂತರೆ ನಾನು ಇದ್ದೇನೆ ಎನ್ನುವುದನ್ನೇ ಮರೆತು ನನ್ನ ವಿಷಯವನ್ನೇ ಮಾತಾಡುತ್ತಾರೆ. "ಹುಲಿ ಹಂಗ ಹಾಡ್ತಿದ್ದ, ಪಾಪ" ಎನ್ನುತ್ತಾರೆ. ಆ ಪಾಪ ಎನ್ನುವುದನ್ನು ನನ್ನಿಂದ ತಡೆದುಕೊಳ್ಳಲು ಆಗುವುದಿಲ್ಲ.

ನಿಮಗೆ ಯಾಕೆ ಹೇಳಲಿಲ್ಲ ಎಂದರೆ, ಈ ಭೂಮಿಯ ಮೇಲೆ ನನಗೆ ಇನ್ನೂ ದನಿ ಇದ್ದದ್ದು ನಿಮ್ಮ ಹತ್ತಿರ ಮಾತ್ರ. ನಿಮ್ಮ ಪತ್ರದಲ್ಲಿ ನಾನು ಮೊದಲಿನ ಮಲಂಗಸಾಬನೇ ಆಗಿದ್ದೆ. ನೀವು ಧಾಟಿಗೆ ಬೆಂಕಿ ಹಚ್ಚುತ್ತಿದ್ದಿರಿ, ಗಂಟಲು ತಯಾರು ಇಟ್ಟುಕೊಳ್ಳಿ ಎನ್ನುತ್ತಿದ್ದಿರಿ. ಅದನ್ನು ಓದಿದ ದಿನ ರೊಟ್ಟಿ ರುಚಿಯಾಗುತ್ತಿತ್ತು. ಅದೂ ಹೋದರೆ ಉಳಿಯುವುದೇನು ಎಂದು ಅಂಜಿದೆ.

ಜವಾಬು ನಿಜವಾಗಿಯೂ ಕಟ್ಟಿದ್ದೇನೆ. ಅದು ಸುಳ್ಳಲ್ಲ. ಆದರೆ ಅದು ನನ್ನೊಂದಿಗೇ ಹೋಗಲಿ. ನೀವು ಗೆದ್ದಿರಿ.

ಮಲಂಗಸಾಬ


ಆಳಂದ
5 ಆಗಸ್ಟ್ 2023

ಮಲಂಗಸಾಬರಿಗೆ,

ನೀವು ಗೆದ್ದಿರಿ ಎಂದು ಬರೆಯಲು ನಿಮಗೆ ಕೈ ಹೇಗೆ ಬಂತು? ನನಗೆ ಅಂಥ ಗೆಲುವು ಬೇಡ. ಒಬ್ಬಳೇ ಗೆದ್ದು ಈ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ಎಣಿಸುತ್ತ ಕೂರಲೇ? ಪಾಪ ಅನ್ನುವವರ ಸಾಲಿನಲ್ಲಿ ನನ್ನನ್ನು ಸೇರಿಸಬೇಡಿ. ನನಗೆ ನಿಮ್ಮ ಮೇಲೆ ಇನ್ನೂ ಸಿಟ್ಟೇ ಇದೆ.

ಜವಾಬು ಬರೆದು ಕಳಿಸಿ. ನಾನೇ ಹಾಡುತ್ತೇನೆ.

ಹೌದು, ಓದಿದ್ದು ಸರಿಯಾಗಿದೆ. ನಾಗೇಶಿಯವಳು ಹರದೇಶಿ ಹಾಡಿದರೆ ಮೇಳದಿಂದ ಹೊರಗೆ ಹಾಕುತ್ತಾರೆ, ಅದು ನನಗೂ ಗೊತ್ತು. ಹಾಕುವವರು ಯಾರು? ಗಂಗಾಬಾಯಿ ಇದ್ದಿದ್ದರೆ ತುಂತುಣಿಯಿಂದಲೇ ತಲೆಗೆ ಬಡಿಯುತ್ತಿದ್ದಳು. ಈಗ ಮೇಳ ಎಂದರೆ ನಾನೊಬ್ಬಳೇ, ನನ್ನನ್ನು ನಾನು ಹೊರಗೆ ಹಾಕಿಕೊಳ್ಳುವುದಿಲ್ಲ.

ಭಾನುವಾರ ಆ ಸೀಮಾ ಫೋನು ತೆಗೆದುಕೊಳ್ಳುತ್ತಾಳೆ ಎಂದು ನೀವೇ ಬರೆದಿದ್ದೀರಿ. ರೇಡಿಯೋ ಆಳಂದಕ್ಕೆ ಬರದಿದ್ದರೆ ಏನಾಯಿತು, ಆಳಂದದ ಫೋನು ಜೇವರ್ಗಿಗೆ ಹೋಗುತ್ತದೆ. ಯಾವ ಹಾಡು ಬೇಕು ಎಂದು ಅವಳು ಕೇಳುವಷ್ಟರಲ್ಲಿ ನಾನು ಶುರು ಮಾಡಿಬಿಡುತ್ತೇನೆ. ಸವಾಲು ಹಾಕಿದವಳ ಕಿವಿಗೆ ಬೀಳಬೇಕು ಎಂಬುದು ತಾನೇ ರೂಢಿ? ನನ್ನ ಬಾಯಿಂದ ಬಂದರೆ ನನ್ನ ಕಿವಿಗೆ ಬೀಳದೆ ಇರುತ್ತದೆಯೇ? ನೀವು ರೇಡಿಯೋ ಹಚ್ಚಿಕೊಂಡು ಇಜೇರಿಯಲ್ಲಿ ಕೂತಿರಿ.

ಸುಂದರಬಾಯಿ


ಇಜೇರಿ
24 ಸೆಪ್ಟೆಂಬರ್ 2023

ಸುಂದರಬಾಯಿಯವರಿಗೆ,

ಬಹಳ ದಿನ ಯೋಚಿಸಿದೆ. ಮಸರತ ನಿಮ್ಮ ಪತ್ರ ಓದಿ, "ಅಬ್ಬಾ, ಈಕಿ ನಿಮ್ಮನ್ನ ಬಿಡಾಂಗ ಕಾಣಂಗಿಲ್ಲ" ಎಂದಳು.

ಕೇಳಿದಿ ಚೆಂದ ನಾಗೇಶಿ, ಕೇಳ ನನ್ನ ಜವಾಬ,
ಗೋಡಿ ಮುಂದ ದೊಡ್ಡಾವಲ್ಲ, ಗಡಿಗಿ ಮುಂದ ದೊಡ್ಡಾವಲ್ಲ,
ಎದುರ ನಿಂತು ಬೈಯಾಕಿ ಇದ್ರ ಅಕಿ ಮುಂದ ದೊಡ್ಡಾವ,
ಅಕಿ ಬಾಯಿ ಮುಚ್ಚಿದಂದ ನಾನು ಊರಿಗೆ ಸಣ್ಣಾವ.

ಹಾಡುವುದಾದರೆ ಇಜೇರಿಯ ಧಾಟಿಯಲ್ಲೇ ಹಾಡಬೇಕು. ನಿಮ್ಮ ಅಂದೋಲಾದ ಕೊಂಕು ಬೇಡ. ಅಕ್ಟೋಬರಿನ ಮೂರನೆಯ ಭಾನುವಾರ ಹಾಡಿ, ಅದಕ್ಕೂ ಮೊದಲು ಬೇಡ.

ಮಲಂಗಸಾಬ


ಆಳಂದ
16 ಅಕ್ಟೋಬರ್ 2023

ಮಲಂಗಸಾಬರಿಗೆ,

ಮೂರನೆಯ ಭಾನುವಾರವೇ ಯಾಕೆ ಎಂದು ನನಗೆ ಹೊಳೆದಿರಲಿಲ್ಲ. ಆಸ್ಪತ್ರೆಗೆ ಹೋಗುವುದಿರಬೇಕು ಎಂದುಕೊಂಡಿದ್ದೆ.

ನಿನ್ನೆ ಅನುರಾಧಾಳ ಫೋನು ತೆಗೆದುಕೊಂಡು ಮಾಳಿಗೆಗೆ ಹೋದೆ. ಬಹಳ ಹೊತ್ತು ಲೈನು ಸಿಗಲೇ ಇಲ್ಲ. ಸಿಕ್ಕಾಗ ಸೀಮಾ, "ಹಲೋ ಬಿಳಿಜೋಳ, ಯಾರ್ರಿ ಮಾತಾಡೋದು, ಯಾವ ಹಾಡ ಬೇಕ್ರಿ?" ಎಂದಳು. "ಅಂದೋಲಾದ ನಾಗೇಶಿ ಸುಂದರಬಾಯಿ" ಎಂದೆ. ಫೋನು ಕುಕ್ಕುತ್ತಾಳೆ ಎಂದುಕೊಂಡಿದ್ದೆ. ಅವಳು ತಣ್ಣಗೆ, "ಹಾಡ್ರಿ ಅಮ್ಮ, ನಾವು ಕೇಳಾಕತ್ತೀವಿ" ಎಂದಳು.

ಶುರು ಮಾಡಿದೆ. ಇಷ್ಟು ದಿನ ಹಾಡದ ಗಂಟಲು, ಮೊದಲ ಸಾಲು ಅಲ್ಲಲ್ಲಿ ಹರಿಯಿತು. ಎರಡನೆಯ ಸಾಲಿಗೆ ಫೋನಿನೊಳಗೆ ಡಪ್ಪು ಕೇಳಿಸಿತು. ಯಾವುದೋ ಹಳೆಯ ರೆಕಾರ್ಡು ಹಚ್ಚಿದ್ದಾರೆ ಎಂದುಕೊಂಡೆ. ಆದರೆ ರೆಕಾರ್ಡು ನಾನು ಉಸಿರು ತೆಗೆದುಕೊಂಡಾಗ ನಿಲ್ಲುವುದಿಲ್ಲ. ಇದು ನಿಂತಿತು. ನಾನು ಎತ್ತಿಕೊಂಡಾಗ ತಾನೂ ಎತ್ತಿಕೊಂಡಿತು.

ಆಗಲೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಕೊನೆಯ ಸಾಲು ಮುಗಿಸಿ ಸುಮ್ಮನೆ ಕಾದೆ. ಕೆಳಗೆ ರಸ್ತೆಯಲ್ಲಿ ತರಕಾರಿಯವನು ಕೂಗುತ್ತಿದ್ದ. ಬೇರೆ ಯಾರೇ ಬಾರಿಸಿದ್ದರೂ ಪೆಟ್ಟು ಅಷ್ಟರಲ್ಲಿ ಬಿದ್ದಿರಬೇಕಿತ್ತು. ಬೀಳಲಿಲ್ಲ. ಆಮೇಲೆ ಬಿತ್ತು.

ನಕ್ಕುಬಿಟ್ಟೆ. ನಗುತ್ತಲೇ ಅಳು ಬಂತು, ಅದು ನಿಮಗೆ ಕೇಳಿಸಿತೋ ಇಲ್ಲವೋ. ನನ್ನ ನಗು ಮುಗಿಯುವ ಮೊದಲೇ ಫೋನಿನಲ್ಲಿ ಇನ್ನೊಂದು ನಗು ಬಂತು, ವಯಸ್ಸು ಕಡಿಮೆಯಿದ್ದ ನಗು, "ಬಿಳಿಜೋಳ ರೇಡಿಯೋ" ಎಂಬ ಮಾತು ಬಂತು, ಟ್ರ್ಯಾಕ್ಟರಿನ ಹಾಡು ಶುರುವಾಯಿತು. ಲೈನು ಕಟ್ಟಾಯಿತು. ನಿಮಗೆ ಒಂದು ಮಾತು ಹೇಳಲೂ ಆಗಲಿಲ್ಲ. ಫೋನು ಕಿವಿಗೆ ಹಿಡಿದುಕೊಂಡೇ ನಿಂತಿದ್ದೆ. ಅನುರಾಧಾ ಬಟ್ಟೆ ತೆಗೆಯಲು ಮೇಲೆ ಬಂದು, "ಯಾರ ಜೋಡಿ ಮಾತಾಡಾಕತ್ತೀರಿ ಅಕ್ಕ?" ಎಂದು ಕೇಳಿದಳು. ಫೋನು ಅವಳ ಕೈಗೆ ಕೊಟ್ಟು ನಾನೇ ಬಟ್ಟೆ ತೆಗೆಯತೊಡಗಿದೆ.

ಆ ತೂತಿನ ಉಸಿರು ಹೊತ್ತುಕೊಂಡು ಬಸ್ಸಿನ ಧೂಳಿನಲ್ಲಿ ಜೇವರ್ಗಿಯವರೆಗೆ ಹೋಗಿದ್ದೀರಿ. ಮಸರತ ಜೊತೆಗೆ ಇದ್ದಳು ತಾನೇ?

ನಾನು ಸೋತೆ ಸಾಹೇಬರೇ. ಕಟ್ಟೆಯ ಮೇಲೆ ಪಾಪ ಎನ್ನುವವರಿಗೆ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿ. ಅಂದೋಲಾದ ಸುಂದರಬಾಯಿಯನ್ನು ಸೋಲಿಸಿದ್ದೇನೆ ಎಂದು ಬರೆಯಿರಿ. ಪೆಟ್ಟು ಮಾತ್ರ ತಡವಾಯಿತು. ಈ ಸಲ ಸವಾಲು ನಿಮ್ಮದು.

ಸುಂದರಬಾಯಿ